ಕ್ಯೋಟೊದಲ್ಲಿ ಒಂದು ದಿನದ ಕಿಮೊನೊ: ಬಾಡಿಗೆಗೆ ಪಡೆಯುವ, ಉಡುವ, ಉಟ್ಟು ನಡೆಯುವ ಕ್ರಮ

ಜಪಾನಿಗೆ ಹೋದವರಲ್ಲಿ ಬಹಳ ಮಂದಿ ಕ್ಯೋಟೊದಲ್ಲಿ ಒಂದು ದಿನವಾದರೂ ಕಿಮೊನೊ ಉಟ್ಟು ಓಡಾಡಬೇಕೆಂದು ಬಯಸುತ್ತಾರೆ. ಆದರೆ ಹೆಚ್ಚಿನವರು ಮೊದಲು ಬಣ್ಣವನ್ನೂ ಆಮೇಲೆ ದರವನ್ನೂ ನೋಡಿ, ಉಡುಪು ಮೈಮೇಲೆ ಬಂದ ನಂತರವೇ ಎಲ್ಲಿಗೆ ಹೋಗುವುದೆಂದು ಯೋಚಿಸತೊಡಗುತ್ತಾರೆ. ಈ ಕ್ರಮವನ್ನು ತಲೆಕೆಳಗು ಮಾಡಿಕೊಳ್ಳಿ ಎಂಬುದೇ ನಾನು ಮುಖ್ಯವಾಗಿ ಕೊಡುವ ಸಲಹೆ. ಆ ದಿನ ಎಷ್ಟು ದೂರ ನಡೆಯುತ್ತೀರಿ, ಎಷ್ಟು ಮೆಟ್ಟಿಲು ಹತ್ತುತ್ತೀರಿ, ಎಲ್ಲಿ ಕುಳಿತು ಉಣ್ಣುತ್ತೀರಿ, ಬಿಸಿಲೋ ಮಳೆಯೋ ಚಳಿಯೋ ಎಂಬುದನ್ನು ಮೊದಲು ನಿಶ್ಚಯಿಸಿಕೊಂಡು, ಅದಕ್ಕೆ ಹೊಂದುವ ಉಡುಪನ್ನು ಆರಿಸಿದರೆ ದಿನ ಹಗುರವಾಗಿ ಸಾಗುತ್ತದೆ. ಇಲ್ಲವಾದರೆ ಮಧ್ಯಾಹ್ನದ ಹೊತ್ತಿಗೆ ಸೊಂಟ ಬಿಗಿದು, ಕಾಲ್ಬೆರಳು ಕಿತ್ತು, ಯಾವಾಗ ಬಿಚ್ಚಿ ಕೊಟ್ಟೇವೋ ಎನ್ನುವಂತಾಗುತ್ತದೆ.

ಇದಕ್ಕೆ ಕಾರಣ ಉಡುಪಿನ ರಚನೆಯಲ್ಲೇ ಇದೆ. ಸುಮಾರು 36ರಿಂದ 38 ಸೆಂಟಿಮೀಟರ್ ಅಗಲ ಮತ್ತು 12 ಮೀಟರ್ ಆಸುಪಾಸು ಉದ್ದವಿರುವ ಒಂದೇ ಬಟ್ಟೆಯ ಸುರುಳಿಯಿಂದ, ಎಲ್ಲ ತುಂಡುಗಳನ್ನೂ ನೇರಗೆರೆಯಲ್ಲಿ ಕತ್ತರಿಸಿ ಕಿಮೊನೊವನ್ನು ಹೊಲಿಯುತ್ತಾರೆ. ಮೈಯ ಅಳತೆಗೆ ತಕ್ಕಂತೆ ಅದನ್ನು ಒಗ್ಗಿಸುವುದು ದರ್ಜಿಯ ಕತ್ತರಿಯಲ್ಲ, ಉಡಿಸುವವರ ಕೈಚಳಕ, ಕೆಲವು ಲಾಡಿಗಳು ಮತ್ತು ಓಬಿ ಎಂಬ ಅಗಲವಾದ ನಡುಪಟ್ಟಿ. ಮದುವೆಮನೆಯಲ್ಲಿ ಭಾರದ ರೇಷ್ಮೆ ಸೀರೆಯುಟ್ಟು ಬೆಳಗಿನಿಂದ ಸಂಜೆಯವರೆಗೆ ಓಡಾಡಿದ ನಮ್ಮ ಹೆಂಗಸರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಿಲ್ಲ. ಸರಿಯಾಗಿ ಉಡಿಸಿದ್ದರೆ ಭಾರ ತಿಳಿಯುವುದಿಲ್ಲ, ತಪ್ಪಾಗಿ ಉಡಿಸಿದ್ದರೆ ಹೆಜ್ಜೆಹೆಜ್ಜೆಗೂ ಕೈ ಬಟ್ಟೆಯ ಮೇಲೆಯೇ ಇರುತ್ತದೆ.

ವಿದೇಶಿಯರು ಇದನ್ನು ಉಡುವುದು ಜಪಾನೀಯರಿಗೆ ಬೇಸರ ತರುತ್ತದೆಯೇ ಎಂಬ ಅಳುಕು ಕೆಲವರಿಗಿರುತ್ತದೆ. 2019ರಲ್ಲಿ ಅಮೆರಿಕದ ಕಿಮ್ ಕಾರ್ಡಾಶಿಯನ್ ತಮ್ಮ ಒಳಉಡುಪುಗಳ ಕಂಪನಿಗೆ ‘ಕಿಮೊನೊ’ ಎಂಬ ಹೆಸರಿಡಲು ಹೊರಟಾಗ, ಕ್ಯೋಟೊದ ಅಂದಿನ ಮೇಯರ್ ದೈಸಾಕು ಕಾದೊಕಾವಾ ಬಹಿರಂಗ ಪತ್ರ ಬರೆದು ಆಕ್ಷೇಪಿಸಿದ್ದರು. ಕಿಮೊನೊ ಅದನ್ನು ಪ್ರೀತಿಸುವ ಎಲ್ಲರ ಸೊತ್ತು, ಹಾಗಾಗಿ ಆ ಹೆಸರನ್ನು ಯಾರೊಬ್ಬರೂ ತಮ್ಮದಾಗಿಸಿಕೊಳ್ಳಬಾರದು ಎಂಬುದು ಅವರ ವಾದವಾಗಿತ್ತು. ಸಾರ್ವಜನಿಕ ಸಮಾರಂಭಗಳಿಗೆ ಸದಾ ಕಿಮೊನೊದಲ್ಲೇ ಬರುತ್ತಿದ್ದ ಮೇಯರ್ ಅವರು. ಬಾಡಿಗೆ ಅಂಗಡಿಗಳಲ್ಲಿ ಉಡಿಸುವ ಹೆಂಗಸರೂ ಬೀದಿಯಲ್ಲಿ ಎದುರಾಗುವ ಹಿರಿಯರೂ ಸಾಮಾನ್ಯವಾಗಿ ಸಂತೋಷದಿಂದಲೇ ನೋಡುತ್ತಾರೆ. ಅವರಿಗೆ ಇರಿಸುಮುರಿಸಾಗುವುದು ಉಡುಪನ್ನು ಹೇಗೆಂದರೆ ಹಾಗೆ ನಡೆಸಿಕೊಂಡಾಗ. ಆ ವಿಚಾರ ಮುಂದೆ ಬರುತ್ತದೆ.

ಯಾವ ತಿಂಗಳಿಗೆ ಯಾವ ಉಡುಪು

ಜಪಾನೀಯರು ಋತುವಿಗೆ ತಕ್ಕಂತೆ ಕಿಮೊನೊ ಬದಲಿಸುತ್ತಾರೆ. ಸಂಪ್ರದಾಯದ ಪ್ರಕಾರ ಅಕ್ಟೋಬರ್‌ನಿಂದ ಮೇ ತಿಂಗಳವರೆಗೆ ಒಳಪದರವಿರುವ ಆವಾಸೆ, ಜೂನ್ ಮತ್ತು ಸೆಪ್ಟೆಂಬರ್‌ನಲ್ಲಿ ಒಳಪದರವಿಲ್ಲದ ಹಿತೊಎ, ಜುಲೈ ಮತ್ತು ಆಗಸ್ಟ್‌ನಲ್ಲಿ ಗಾಳಿಯಾಡುವ ತೆಳು ಜಾಲರಿ ನೇಯ್ಗೆಯ ರೊ ಅಥವಾ ಶಾ. ಬೇಸಿಗೆಯಲ್ಲಿ ಇವೆಲ್ಲಕ್ಕಿಂತ ಸರಳವಾದ ಯುಕಾತಾ ಎಂಬ ಹತ್ತಿಯ ಉಡುಪೂ ಇದೆ. ಇದಕ್ಕೆ ಒಳನಿಲುವಂಗಿಯ ಪದರ ಬೇಕಿಲ್ಲ, ಕಾಲ್ಚೀಲವೂ ಬೇಕಿಲ್ಲ; ಬರಿಗಾಲಿಗೆ ಗೆತಾ ಎಂಬ ಮರದ ಮೆಟ್ಟು ಸಾಕು. ಕ್ಯೋಟೊ ಸುತ್ತಲೂ ಬೆಟ್ಟಗಳಿರುವ ತಗ್ಗಿನ ಊರಾದ್ದರಿಂದ ಜುಲೈ–ಆಗಸ್ಟ್‌ನಲ್ಲಿ ಸೆಕೆ ವಿಪರೀತ, ಉಷ್ಣಾಂಶ 35 ಡಿಗ್ರಿ ದಾಟುವುದು ಅಲ್ಲಿ ಹೊಸದಲ್ಲ. ಮಂಗಳೂರಿನ ಸೆಕೆ ಬಲ್ಲವರೂ ಆಗ ಯುಕಾತಾಕ್ಕಿಂತ ಹೆಚ್ಚಿನದನ್ನು ಉಡುವ ಸಾಹಸ ಮಾಡಬಾರದು. ಜುಲೈ 17ರ ಗಿಯೋನ್ ಹಬ್ಬದ ರಥಯಾತ್ರೆಯ ಹಿಂದಿನ ಸಂಜೆಗಳಲ್ಲಿ ಊರಿಗೆ ಊರೇ ಯುಕಾತಾದಲ್ಲಿ ಬೀದಿಗಿಳಿದಿರುತ್ತದೆ. ಯುಕಾತಾ ಉಡಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗದು.

ಚಿತ್ತಾರಕ್ಕೂ ಋತುವುಂಟು. ಹೂವು ಅರಳುವುದಕ್ಕೆ ಸ್ವಲ್ಪ ಮುಂಚೆಯೇ ಆ ಹೂವಿನ ಚಿತ್ತಾರವನ್ನು ಉಡುವುದು ಅಲ್ಲಿ ಅಭಿರುಚಿಯ ಲಕ್ಷಣ. ಚೆರ್ರಿ ಹೂವು ಮರದ ತುಂಬ ಅರಳಿ ನಿಂತಿರುವಾಗ ಅದೇ ಹೂವಿನ ಸೆರಗು ಹೊದ್ದು ಪೈಪೋಟಿಗಿಳಿಯುವುದಿಲ್ಲ. ಬಾಡಿಗೆ ಅಂಗಡಿಗಳು ಪ್ರವಾಸಿಗರ ಮೇಲೆ ಈ ನಿಯಮವನ್ನು ಹೇರುವುದಿಲ್ಲ, ನವೆಂಬರಿನಲ್ಲೂ ಚೆರ್ರಿ ಹೂವಿನ ಕಿಮೊನೊ ಸಲೀಸಾಗಿ ಸಿಗುತ್ತದೆ. ಆದರೂ ಉಡಿಸುವವರನ್ನು “ಈ ತಿಂಗಳಿಗೆ ಯಾವುದು ಒಪ್ಪುತ್ತದೆ?” ಎಂದು ಕೇಳಿ ನೋಡಿ. ರಾಶಿಯೊಳಗಿಂದ ಅವರು ಹುಡುಕಿ ತೆಗೆದುಕೊಡುವ ಕಿಮೊನೊ, ನೀವು ಮೊದಲ ನೋಟಕ್ಕೆ ಕೈಯಿಟ್ಟದ್ದಕ್ಕಿಂತ ಬಹುತೇಕ ಚೆನ್ನಾಗಿರುತ್ತದೆ. ಯಾವ ಋತುವಿಗೂ ಸಲ್ಲುವ ರೇಖಾಚಿತ್ತಾರ, ಪಟ್ಟೆ, ಚೌಕಳಿಗಳೂ ಇವೆ. ಗೊಂದಲವಾದರೆ ಅವು ಕ್ಷೇಮ.

ಅಂಗಡಿಯ ಕಪಾಟಿನಲ್ಲಿ ಏನೇನಿರುತ್ತದೆ

ಅಂಗಡಿಯ ಸಾಮಾನ್ಯ ದರದಲ್ಲಿ ಸಿಗುವುದು ಹೆಚ್ಚಾಗಿ ಕೊಮೊನ್, ಅಂದರೆ ಇಡೀ ಬಟ್ಟೆಯ ಮೇಲೆ ಒಂದೇ ಚಿಕ್ಕ ಚಿತ್ತಾರ ಮತ್ತೆ ಮತ್ತೆ ಬರುವ ಕಿಮೊನೊ. ಊರು ಸುತ್ತಲು, ಚಹಾ ಕುಡಿಯಲು, ಅಂಗಡಿಬೀದಿಯಲ್ಲಿ ಅಲೆಯಲು ಜಪಾನೀಯರು ಉಡುವುದೂ ಇದನ್ನೇ. ಹೆಗಲಿನಿಂದ ಅಂಚಿನವರೆಗೆ ಹೊಲಿಗೆಗಳನ್ನೂ ದಾಟಿ ಒಂದೇ ಚಿತ್ರ ಹರಿದಂತಿರುವ ಹೋಮೊಂಗಿ ಸಮಾರಂಭಗಳಿಗೆ ಮೀಸಲು. ಮೊಣಕಾಲಿನ ಕೆಳಗೂ ಇಳಿಬೀಳುವ ತೋಳುಗಳ ಫುರಿಸೊದೆ ಮದುವೆಯಾಗದ ಯುವತಿಯರದು. ಜನವರಿಯ ಎರಡನೆಯ ಸೋಮವಾರ ಬರುವ ಪ್ರಾಯಪ್ರಬುದ್ಧರ ದಿನದಂದು ಇದನ್ನುಟ್ಟ ಹುಡುಗಿಯರು ಎಲ್ಲೆಡೆ ಕಾಣುತ್ತಾರೆ. ಫೋಟೊದಲ್ಲಿ ಫುರಿಸೊದೆಯಷ್ಟು ಮೆರೆಯುವುದು ಇನ್ನೊಂದಿಲ್ಲ ನಿಜ, ಆದರೆ ಕಡಿದಾದ ಬೀದಿಗಳಲ್ಲಿ ಆ ತೋಳುಗಳನ್ನು ಸಂಭಾಳಿಸುವುದೇ ಒಂದು ಕೆಲಸವಾಗುತ್ತದೆ. ನಡೆಯಬೇಕೆಂದಿರುವವರಿಗೆ ಕೊಮೊನ್ ಒಳ್ಳೆಯದು, ಸ್ಟುಡಿಯೊದಲ್ಲಿ ಚಿತ್ರ ತೆಗೆಸುವವರಿಗೆ ಫುರಿಸೊದೆ. ಇತ್ತೀಚೆಗೆ ಲೇಸು, ಮುತ್ತು, ಕಸೂತಿಗಳಿಂದ ಅಲಂಕರಿಸಿದ ಹೊಸಬಗೆಯವೂ ಬಂದಿವೆ. ಅವು ಚೆಂದವಿರಬಹುದು, ಆದರೆ ಇಷ್ಟು ದೂರ ಹೋಗಿ, ಆ ನೆಲದ ಬಣ್ಣಗಾರರು ನೂರಾರು ವರ್ಷ ತಿದ್ದಿ ತೀಡಿದ ಚಿತ್ತಾರಗಳನ್ನು ಬಿಟ್ಟು ಲೇಸನ್ನು ಆರಿಸುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ.

ಬಟ್ಟೆ ಯಾವುದೆಂಬುದನ್ನೂ ಕೇಳಬೇಕು. ಬಾಡಿಗೆಯ ಕಿಮೊನೊಗಳಲ್ಲಿ ಬಹುಪಾಲು ಪಾಲಿಯೆಸ್ಟರ್. ಇದರಲ್ಲಿ ಮೋಸವೇನಿಲ್ಲ: ದಿನವೂ ಒಬ್ಬೊಬ್ಬರು ಉಡುವ ಬಟ್ಟೆಯನ್ನು ಒಗೆಯಬೇಕು, ಮಳೆ ಬಿದ್ದರೆ ಕೆಡಬಾರದು. ಆದರೆ ಬೇಸಿಗೆಯಲ್ಲಿ ಅದು ಬೆವರು ಹೀರುವುದಿಲ್ಲ, ಒಣಚಳಿಯಲ್ಲಿ ಕಾಲಿಗೆ ಅಂಟಿಕೊಳ್ಳುತ್ತದೆ. ಸ್ವಲ್ಪ ಹೆಚ್ಚು ಹಣಕ್ಕೆ ರೇಷ್ಮೆಯದನ್ನು ಕೊಡುವ ಅಂಗಡಿಗಳಿವೆ, ಮಳೆಯ ಸೂಚನೆಯಿಲ್ಲದ ದಿನ ಆ ಹಣ ಸಾರ್ಥಕ. ಅಕ್ಕಿಹಿಟ್ಟಿನ ಸರಿಯಿಂದ ಗೆರೆಯೆಳೆದು ಬಣ್ಣ ಹರಡದಂತೆ ತಡೆದು ತುಂಬುವ ಯೂಜೆನ್ ಬಣ್ಣಗಾರಿಕೆ, 17ನೆಯ ಶತಮಾನದ ಕೊನೆಯಲ್ಲಿ ಕ್ಯೋಟೊದಲ್ಲಿದ್ದ ಮಿಯಾಜಾಕಿ ಯೂಜೆನ್‌ಸಾಯ್ ಎಂಬ ಬೀಸಣಿಗೆ ಚಿತ್ರಕಾರನ ಹೆಸರಿನಿಂದ ಪ್ರಸಿದ್ಧವಾದದ್ದು. ಓಬಿಗಳಿಗೆ ಹೆಸರಾದ ನಿಶಿಜಿನ್ ನೇಕಾರರ ಕೇರಿಯೂ ಇದೇ ಊರಿನದು. ಅಲ್ಲಿಯ ನೇಕಾರರು 1872ರಲ್ಲಿ ಫ್ರಾನ್ಸಿನ ಲಿಯೋನ್ ನಗರಕ್ಕೆ ಹೋಗಿ, ಚಿತ್ತಾರ ನೇಯುವ ಜಕಾರ್ಡ್ ಯಂತ್ರವನ್ನು ಕಲಿತು ತಂದರು.

ರೇಷ್ಮೆಯ ಮಾತು ಬಂದಾಗ ಕನ್ನಡಿಗರಿಗೆ ನೆನಪಾಗಬೇಕಾದ ಸಂಗತಿಯೊಂದಿದೆ. ಬೆಂಗಳೂರಿನ ಬಸವನಗುಡಿಯ ಬಳಿ ಟಾಟಾ ಸಿಲ್ಕ್ ಫಾರ್ಮ್ ಎಂಬ ಬಡಾವಣೆಗೆ ಆ ಹೆಸರು ಬಂದದ್ದು ಜಮ್ಶೆಟ್‌ಜಿ ಟಾಟಾ ಅವರು ಜಪಾನಿ ತಜ್ಞರನ್ನು ಕರೆಸಿ ನಡೆಸಿದ ರೇಷ್ಮೆ ತೋಟದಿಂದ. ಮುಂದೆ 1991ರಲ್ಲಿ ಜಪಾನ್ ನೆರವಿನಿಂದ ಆರಂಭವಾದ ದ್ವಿತಳಿ ರೇಷ್ಮೆ ಯೋಜನೆ, ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯ ಮೂಲಕ ನಮ್ಮ ರೈತರ ಮನೆಯಲ್ಲಿ ಹುಳು ಗೂಡು ಕಟ್ಟುವ ಚಂದ್ರಿಕೆಗಳವರೆಗೂ ತಲುಪಿತು. ಕ್ಯೋಟೊದ ಅಂಗಡಿಯಲ್ಲಿ ಒಳ್ಳೆಯ ರೇಷ್ಮೆಯನ್ನು ಬೆರಳಲ್ಲಿ ಹಿಡಿದು ನೋಡುವ ಕಣ್ಣು ನಮಗಿದೆ, ಅದನ್ನು ಬಳಸಿಕೊಳ್ಳಿ.

ದರ ಮತ್ತು ಕಾಯ್ದಿರಿಸುವಿಕೆ

ಕ್ಯೋಟೊದಲ್ಲಿ ಕಿಮೊನೊ, ಓಬಿ, ಒಳಉಡುಪು, ಕಾಲ್ಚೀಲ, ಮೆಟ್ಟು, ಕೈಚೀಲ, ಉಡಿಸುವ ಕೂಲಿ ಎಲ್ಲವೂ ಸೇರಿದ ಸಾಮಾನ್ಯ ಬಾಡಿಗೆ ದಿನಕ್ಕೆ 3,000ದಿಂದ 5,000 ಯೆನ್ ಆಸುಪಾಸು ಇರುತ್ತದೆ. ಹೋಮೊಂಗಿ, ಫುರಿಸೊದೆಗಳಿಗೆ ಇದರ ಎರಡು ಮೂರು ಪಟ್ಟು ಕೊಡಬೇಕಾಗುತ್ತದೆ. ಜಾಹೀರಾತಿನಲ್ಲಿ ಕಾಣುವ ಕಡಿಮೆ ದರಕ್ಕೆ ಏನೇನು ಸೇರಿದೆ ಎಂದು ಮೊದಲೇ ಕೇಳಿಕೊಳ್ಳಿ. ತುರುಬು ಕಟ್ಟುವುದಕ್ಕೆ, ಚಳಿಗಾಲದಲ್ಲಿ ಮೇಲೆ ಹಾಕುವ ಹಾವೊರಿ ಎಂಬ ಮೇಲಂಗಿಗೆ, ಕಲೆಯಾದರೆ ತೊಳೆಯುವ ಖರ್ಚಿಗಾಗಿ ತೆಗೆದುಕೊಳ್ಳುವ ಸಣ್ಣ ಮೊತ್ತಕ್ಕೆ, ಮರುದಿನ ಹಿಂತಿರುಗಿಸುವ ಅನುಕೂಲಕ್ಕೆ ಪ್ರತ್ಯೇಕ ಹಣ ಹಿಡಿಯುವುದು ವಾಡಿಕೆ. ಬಿಸಾಡಿದಷ್ಟು ಅಗ್ಗಕ್ಕೆ ಕೊಡುವ ಕಡೆ ಉಡಿಸುವವರು ಕಡಿಮೆ, ಅವಸರ ಹೆಚ್ಚು. ಉಳಿತಾಯ ಮಾಡುವುದಾದರೆ ಅಲಂಕಾರದ ಸಾಮಾನಿನಲ್ಲಿ ಮಾಡಿ, ಉಡಿಸುವ ಕೈಯಲ್ಲಿ ಮಾಡಬೇಡಿ.

ಹೆಚ್ಚಿನ ಅಂಗಡಿಗಳು ಬೆಳಿಗ್ಗೆ ಒಂಬತ್ತಕ್ಕೆ ತೆರೆದು, ಸಂಜೆ ಐದು ಅಥವಾ ಆರರೊಳಗೆ ಉಡುಪನ್ನು ಹಿಂದಕ್ಕೆ ಕೇಳುತ್ತವೆ. ದಿನದ ಮೊದಲ ಸರದಿಯನ್ನೇ ಕಾಯ್ದಿರಿಸಿ. ಆಗ ಕಪಾಟು ತುಂಬಿರುತ್ತದೆ, ಉಡಿಸುವವರು ದಣಿದಿರುವುದಿಲ್ಲ, ಬೀದಿಗಳೂ ಖಾಲಿಯಿರುತ್ತವೆ. ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರಗಳ ಚೆರ್ರಿ ಹೂವಿನ ಕಾಲ ಮತ್ತು ನವೆಂಬರ್ ಕೊನೆಯಿಂದ ಡಿಸೆಂಬರ್ ಆರಂಭದವರೆಗಿನ ಕೆಂಪೆಲೆಯ ಕಾಲಕ್ಕೆ ಸಾಕಷ್ಟು ಮುಂಚೆಯೇ ಕಾಯ್ದಿರಿಸಬೇಕು. ಕಾಯ್ದಿರಿಸುವಾಗ ನಿಮ್ಮ ಎತ್ತರ, ಸೊಂಟದ ಕೆಳಗಿನ ಸುತ್ತಳತೆ, ಪಾದದ ಉದ್ದ ಇವಿಷ್ಟನ್ನೂ ತಿಳಿಸಿ. ಜಪಾನಿನಲ್ಲಿ ಪಾದರಕ್ಷೆಯ ಅಳತೆ ಸೆಂಟಿಮೀಟರಿನಲ್ಲಿರುತ್ತದೆ. ಹೆಂಗಸರ ಕಿಮೊನೊದಲ್ಲಿ ಹೆಚ್ಚಾದ ಉದ್ದವನ್ನು ಸೊಂಟದಲ್ಲಿ ಮಡಿಸಿ ಸರಿಮಾಡಬಹುದು, ಆದರೆ ಸುತ್ತಳತೆ ಸಾಲದ ಬಟ್ಟೆ ನಡೆಯುವಾಗ ಮುಂದೆ ತೆರೆದುಕೊಳ್ಳುತ್ತದೆ. ದಪ್ಪಗಿರುವವರಿಗೆಂದೇ ಅಗಲವಾದವನ್ನು ಇಟ್ಟಿರುವ ಅಂಗಡಿಗಳಿವೆ, ಸಂಕೋಚಪಡದೆ ಕೇಳಿ.

ಅಂಗಡಿಗೆ ಹೋಗುವ ಮುನ್ನ

ಅಂದು ತಲೆಗೆ ಎಣ್ಣೆ ಹಚ್ಚಬೇಡಿ. ಕಿಮೊನೊದ ಕೊರಳಪಟ್ಟಿ ಕತ್ತಿಗೆ ತಾಗುತ್ತಲೇ ಇರುವುದರಿಂದ ಎಣ್ಣೆಯ ಕಲೆ ಹಿಡಿಯುವುದು ಅಲ್ಲಿಯೇ ಮೊದಲು. ಮುಖದ ಅಲಂಕಾರವನ್ನು ಉಡುವ ಮೊದಲೇ ಮುಗಿಸಿಕೊಳ್ಳಬೇಕು. ಒಳಗೆ ತೊಡುವ ಬನಿಯನಿನ ಕೊರಳು ಮುಂದೆ ಮಾತ್ರವಲ್ಲದೆ ಹಿಂದೆಯೂ ಅಗಲವಾಗಿ ಇಳಿದಿರಲಿ, ಯಾಕೆಂದರೆ ಹೆಂಗಸರ ಕಿಮೊನೊ ಬೆನ್ನ ಕಡೆ ಕತ್ತಿನಿಂದ ಸ್ವಲ್ಪ ಹಿಂದಕ್ಕೆ ಸರಿದೇ ಇರುತ್ತದೆ. ಮೇಲೆ ಗುಂಡಿ ಬಿಚ್ಚಿ ತೆಗೆಯಬಹುದಾದ ಅಂಗಿ ಹಾಕಿಕೊಂಡು ಹೋದರೆ, ತುರುಬು ಕಟ್ಟಿಸಿಕೊಂಡ ಮೇಲೆ ತಲೆಯ ಮೇಲಿಂದ ಬಟ್ಟೆ ಎಳೆಯುವ ಪ್ರಮೇಯ ಬರುವುದಿಲ್ಲ. ಚಳಿಗಾಲದಲ್ಲಿ ಉಣ್ಣೆಯ ಒಳಉಡುಪು ಧಾರಾಳವಾಗಿ ಧರಿಸಬಹುದು, ಹೊರಗೆ ಕಾಣುವುದಿಲ್ಲ.

ಕಿಮೊನೊದ ಜೊತೆ ಕೊರಳ ಸರ, ಬಳೆ, ಕೈಗಡಿಯಾರ ಹಾಕಿಕೊಳ್ಳುವ ಪದ್ಧತಿ ಅಲ್ಲಿಲ್ಲ. ಬಳೆಗಳು ತೋಳಿನ ನೂಲಿಗೆ ಸಿಕ್ಕಿಕೊಳ್ಳುತ್ತವೆ, ಜುಮುಕಿ ಕೊರಳಪಟ್ಟಿಗೆ ತಾಗುತ್ತದೆ. ಮಾಂಗಲ್ಯ ತೆಗೆಯಲು ಮನಸ್ಸಿಲ್ಲದವರು ಅದನ್ನು ಒಳಉಡುಪಿನೊಳಗೆ ಸರಿಸಿಕೊಂಡರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಹಣೆಯ ಬೊಟ್ಟು ಇಟ್ಟುಕೊಳ್ಳುವುದು ನಿಮ್ಮಿಷ್ಟ. ಅಂಟಿಸುವ ಬಿಂದಿಯಾದರೆ ಬಟ್ಟೆಗೆ ಅಪಾಯವಿಲ್ಲ, ಕುಂಕುಮ ಉದುರಿದರೆ ಕಲೆ ಹೋಗುವುದಿಲ್ಲ. ಕೊನೆಯದಾಗಿ, ಉಡಿಸಲು ಕರೆಯುವ ಮುನ್ನ ಶೌಚಾಲಯಕ್ಕೆ ಹೋಗಿ ಬನ್ನಿ. ಹೊಟ್ಟೆ ಬಿರಿಯುವಂತೆ ತಿಂದೂ ಹೋಗಬೇಡಿ, ತೀರ ಹಸಿದೂ ಹೋಗಬೇಡಿ.

ಉಡಿಸುವ ಕ್ರಮ

ಉಡಿಸುವುದಕ್ಕೆ ಸುಮಾರು ಇಪ್ಪತ್ತರಿಂದ ಮೂವತ್ತು ನಿಮಿಷ ಹಿಡಿಯುತ್ತದೆ, ತುರುಬಿಗೆ ಬೇರೆ. ನೀವು ಮಾಡಬೇಕಾದುದು ನೆಟ್ಟಗೆ ನಿಂತು, ಹೇಳಿದಾಗ ಕೈಯೆತ್ತುವುದಷ್ಟೆ. ಆದರೂ ಯಾವ ಪದರ ಯಾತಕ್ಕೆಂದು ತಿಳಿದಿದ್ದರೆ, ಮಧ್ಯಾಹ್ನ ಅದು ಸಡಿಲವಾದಾಗ ಎಲ್ಲಿ ಕೈಹಾಕಿ ಸರಿಮಾಡಬೇಕೆಂದು ತಿಳಿಯುತ್ತದೆ.

ಮೊಟ್ಟಮೊದಲು ತಾಬಿ, ಹೆಬ್ಬೆರಳಿಗೆ ಪ್ರತ್ಯೇಕ ಸಂದಿರುವ ಕಾಲ್ಚೀಲ. ನಡು ಬಿಗಿದ ಮೇಲೆ ಬಗ್ಗುವುದು ಕಷ್ಟವಾದ್ದರಿಂದ ಇದು ಮೊದಲು. ಅನಂತರ ತೆಳುವಾದ ಒಳಉಡುಪು. ಅದರ ಮೇಲೆ ಸೊಂಟದ ಸುತ್ತ ಒಂದೆರಡು ಟವೆಲುಗಳನ್ನು ಸುತ್ತುತ್ತಾರೆ. ನಮ್ಮ ಕಣ್ಣಿಗೆ ಇದು ವಿಚಿತ್ರವೆನಿಸಬಹುದು, ಏಕೆಂದರೆ ನಡು ಸಣ್ಣಗೆ ಕಾಣಬೇಕೆಂಬುದು ನಮ್ಮ ಬಯಕೆ. ಕಿಮೊನೊಗೆ ಬೇಕಾದದ್ದು ಹೆಗಲಿಂದ ಕಾಲಿನವರೆಗೆ ಏರಿಳಿತವಿಲ್ಲದ ಮೈ. ತಗ್ಗಿದ್ದಲ್ಲಿ ತುಂಬಿದರೆ ಮಾತ್ರ ಓಬಿ ಸುಕ್ಕಿಲ್ಲದೆ ಕೂರುತ್ತದೆ, ಲಾಡಿಯೂ ಪಕ್ಕೆಲುಬಿಗೆ ಒತ್ತುವುದಿಲ್ಲ.

ಅದರ ಮೇಲೆ ನಾಗಾಜುಬಾನ್ ಎಂಬ ಒಳನಿಲುವಂಗಿ. ಇದರ ಕೊರಳಪಟ್ಟಿಯೇ ಕೊನೆಗೆ ಕಿಮೊನೊದ ಅಂಚಿನಲ್ಲಿ ಬಿಳಿ ಗೆರೆಯಾಗಿ ಕಾಣುವುದು. ಪಟ್ಟಿಯೊಳಗೆ ಬಾಗುವ ಒಂದು ಗಟ್ಟಿ ಪಟ್ಟಿಯನ್ನು ತೂರಿಸಿರುತ್ತಾರೆ. ಉಡಿಸುವಾಕೆ ನಿಮ್ಮ ಹಿಂದೆ ನಿಂತು, ಬೆನ್ನಹೊಲಿಗೆಯನ್ನು ಹಿಡಿದು ಒಮ್ಮೆ ಕೆಳಕ್ಕೆಳೆಯುತ್ತಾರೆ. ಕತ್ತಿಗೂ ಪಟ್ಟಿಗೂ ನಡುವೆ ಒಂದು ಮುಷ್ಟಿ ಹಿಡಿಸುವಷ್ಟು ಜಾಗ ಬೀಳುತ್ತದೆ. ಹೆಂಗಸರ ಕಿಮೊನೊದ ಸೊಬಗೆಲ್ಲ ಬರಿದಾಗಿ ಕಾಣುವ ಆ ಹಿಂಗತ್ತಿನಲ್ಲಿದೆ. ಉದ್ದ ಜಡೆಯವರು ಅದನ್ನು ಇಳಿಬಿಟ್ಟು ಆ ಜಾಗವನ್ನು ಮುಚ್ಚದೆ ತುರುಬು ಕಟ್ಟಿಸಿಕೊಳ್ಳಬೇಕೆನ್ನುವುದು ಇದೇ ಕಾರಣಕ್ಕೆ.

ಈಗ ಕಿಮೊನೊ. ಹೆಗಲ ಮೇಲೆ ಹೊದಿಸಿ, ಎರಡೂ ಅಂಚುಗಳನ್ನು ಮುಂದೆ ಎತ್ತಿ ಹಿಡಿದು ಪಾದದ ಮಟ್ಟಕ್ಕೆ ಉದ್ದವನ್ನು ನಿಲ್ಲಿಸುತ್ತಾರೆ. ಮೊದಲು ಬಲಭಾಗವನ್ನು ಮೈಗೆ ಸುತ್ತಿ, ಅದರ ಮೇಲೆ ಎಡಭಾಗ ಬರುವಂತೆ ಮುಚ್ಚುತ್ತಾರೆ. ಎಡ ಮೇಲೆ, ಬಲ ಒಳಗೆ: ಇದು ಎಂದಿಗೂ ತಪ್ಪಬಾರದ ನಿಯಮ. ಕ್ರಿ.ಶ. 719ರಲ್ಲಿ ಗೆನ್‌ಶೋ ಸಾಮ್ರಾಜ್ಞಿಯ ಆಳ್ವಿಕೆಯಲ್ಲಿ ಎಲ್ಲರೂ ಹೀಗೆಯೇ ಉಡಬೇಕೆಂದು ಆಜ್ಞೆಯಾಯಿತು. ಇದಕ್ಕೆ ತಿರುಗುಮುರುಗಾಗಿ, ಬಲ ಮೇಲೆ ಬರುವಂತೆ ಉಡಿಸುವುದು ಶವಕ್ಕೆ ಮಾತ್ರ. ಅಂಗಡಿಯಲ್ಲಿ ಉಡಿಸುವವರು ತಪ್ಪು ಮಾಡುವುದಿಲ್ಲ. ಆದರೆ ತಂಗುವ ಹೋಟೆಲಿನ ಕೋಣೆಯಲ್ಲಿಟ್ಟಿರುವ ಯುಕಾತಾವನ್ನು ನೀವೇ ಸುತ್ತಿಕೊಳ್ಳುವಾಗ, ಗಂಡಸರಾಗಲಿ ಹೆಂಗಸರಾಗಲಿ ಇದನ್ನು ನೆನಪಿಡಲೇಬೇಕು. ಸೆಲ್ಫಿ ತೆಗೆಯುವ ಕ್ಯಾಮೆರಾ ಎಡಬಲಗಳನ್ನು ತಿರುಗಿಸಿ ತೋರಿಸುವುದುಂಟು. ಊರಿಗೆ ಫೋಟೊ ಕಳಿಸುವ ಮುನ್ನ ಅದನ್ನೂ ಗಮನಿಸಿ.

ಸೊಂಟದ ಮೂಳೆಯ ಮೇಲೆ ಮೊದಲ ಲಾಡಿಯನ್ನು ಬಿಗಿಯುತ್ತಾರೆ. ಇಡೀ ದಿನ ಅಂಚು ಕೆಳಗಿಳಿಯದಂತೆ ಹಿಡಿಯುವುದು ಇದೊಂದೇ, ಹಾಗಾಗಿ ಇದು ಗಟ್ಟಿಯಾಗಿಯೇ ಇರಬೇಕು. ಕಂಕುಳ ಕೆಳಗಿನ ಸಂದಿನಲ್ಲಿ ಕೈತೂರಿ, ಮಿಕ್ಕ ಉದ್ದವನ್ನು ಲಾಡಿಯ ಮೇಲೆ ಮಡಿಕೆಯಾಗಿ ಇಳಿಸಿ ನೇವರಿಸುತ್ತಾರೆ. ಓಬಿಯ ಕೆಳಗೆ ಕಾಣುವ ಆ ಮಡಿಕೆಯ ಹೆಸರು ಒಹಾಶೋರಿ. ಎದೆಯ ಕೆಳಗೆ ಇನ್ನೊಂದು ಲಾಡಿ, ಅದರ ಮೇಲೊಂದು ಪಟ್ಟಿ. ಇವು ಉಸಿರು ಕಟ್ಟುವಂತಿರಬಾರದು. ಬಿಗಿಯಾಯಿತೆನಿಸಿದರೆ ಆಗಲೇ “ಕಿತ್ಸುಯ್ ದೆಸು” ಎಂದು ಹೇಳಿ. ಮುಜುಗರಪಟ್ಟು ಸುಮ್ಮನಿದ್ದರೆ ಆಮೇಲೆ ಬೀದಿಯಲ್ಲಿ ಸಡಿಲಿಸಲು ಬರುವುದಿಲ್ಲ. ಕೊನೆಗೆ ಓಬಿ: ಸುಮಾರು 30 ಸೆಂಟಿಮೀಟರ್ ಅಗಲ, ನಾಲ್ಕು ಮೀಟರಿಗೂ ಹೆಚ್ಚು ಉದ್ದವಾದ ಪಟ್ಟಿಯನ್ನು ಎರಡು ಸುತ್ತು ಸುತ್ತಿ ಬೆನ್ನಿಗೆ ಗಂಟು ಕಟ್ಟುತ್ತಾರೆ. ಗಂಟಿನೊಳಗೊಂದು ಪುಟ್ಟ ದಿಂಬು, ಅದನ್ನು ಮುಚ್ಚುವ ಒಬಿಯಾಗೆ ಎಂಬ ಮೃದುವಾದ ವಸ್ತ್ರ, ಎಲ್ಲವನ್ನೂ ಹಿಡಿದಿಡುವ ಒಬಿಜಿಮೆ ಎಂಬ ಹೆಣೆದ ಹುರಿ. ಅಗ್ಗದ ದರದಲ್ಲಿ ಕಡಿಮೆ ಅಗಲದ ಸುಲಭ ಓಬಿಯನ್ನೋ ಮೊದಲೇ ಗಂಟು ಸಿದ್ಧವಿರುವುದನ್ನೋ ಕಟ್ಟುವುದುಂಟು, ಓಡಾಟಕ್ಕೆ ಅದೂ ಸಾಕು.

ಗಂಡಸರದು ಹತ್ತು ನಿಮಿಷದ ಕೆಲಸ. ಅವರ ಕಿಮೊನೊದಲ್ಲಿ ಸೊಂಟದ ಮಡಿಕೆಯಿಲ್ಲವಾದ್ದರಿಂದ ಎತ್ತರಕ್ಕೆ ಸರಿಹೊಂದುವ ಬಟ್ಟೆಯೇ ಬೇಕು, ಆರಡಿ ಎತ್ತರದವರು ಮುಂಚೆಯೇ ತಿಳಿಸದಿದ್ದರೆ ಕಣಕಾಲು ಕಾಣುವಂತಾಗುತ್ತದೆ. ಕಿರಿದಾದ ಓಬಿಯನ್ನು ಹೊಟ್ಟೆಯ ಕೆಳಗೆ, ಸೊಂಟದ ಮೇಲೆ ಕಟ್ಟುತ್ತಾರೆ; ಸ್ವಲ್ಪ ಹೊಟ್ಟೆಯಿರುವವರಿಗೆ ಇದು ಇನ್ನೂ ಚೆನ್ನಾಗಿ ಕೂರುತ್ತದೆ. ಮೇಲೊಂದು ಹಾವೊರಿ ಹಾಕಿದರೆ ಗಾಂಭೀರ್ಯ ಬರುತ್ತದೆ. ಮಕ್ಕಳಿಗೂ ಉಡುಪುಗಳಿವೆ, ಆದರೆ ಐದು ವರ್ಷದೊಳಗಿನವರಿಗೆ ಅರ್ಧ ದಿನಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ.

ಉಟ್ಟ ಮೇಲೆ

ಅಂಗಡಿಯಿಂದ ಹೊರಡುವ ಮುನ್ನ ಕಾಲುಗಳನ್ನು ಸ್ವಲ್ಪ ಅಗಲಿಸಿ, ಮೊಣಕಾಲು ಬಾಗಿಸಿ ಒಮ್ಮೆ ಅರ್ಧ ಕುಳಿತೇಳಿ. ಇದರಿಂದ ಬಟ್ಟೆ ಹೆಜ್ಜೆಗೆ ಬೇಕಾದಷ್ಟು ಮಾತ್ರ ಸಡಿಲವಾಗುತ್ತದೆ. ನಡೆಯುವಾಗ ಹೆಜ್ಜೆಯನ್ನು ಎಂದಿನ ಅರ್ಧಕ್ಕೆ ಇಳಿಸಿ, ಪಾದಗಳನ್ನು ನೇರವಾಗಿ ಅಥವಾ ತುಸು ಒಳಕ್ಕೆ ತಿರುಗಿಸಿ ಇಡಿ. ಜೋರಿ ಎಂಬ ಚಪ್ಪಟೆ ಚಪ್ಪಲಿಯ ಅಥವಾ ಗೆತಾದ ಬಾರಿನೊಳಗೆ ಬೆರಳುಗಳನ್ನು ಕೊನೆಯವರೆಗೆ ತೂರಿಸಬಾರದು. ಹಿಮ್ಮಡಿ ಒಂದೆರಡು ಸೆಂಟಿಮೀಟರ್ ಹಿಂದೆ ಚಾಚಿಕೊಂಡಿರುವುದೇ ಅಲ್ಲಿ ಸರಿಯಾದ ಅಳತೆ. ಚಪ್ಪಲಿ ಮೆಟ್ಟಿ ಬೆಳೆದ ನಮಗೆ ಇದು ಬೇಗ ರೂಢಿಯಾಗುತ್ತದೆ, ಆದರೂ ಎರಡು ಬ್ಯಾಂಡೇಜ್ ಪಟ್ಟಿಗಳು ಕೈಚೀಲದಲ್ಲಿರಲಿ.

ಮೆಟ್ಟಿಲು ಹತ್ತುವಾಗ ಬಲಗೈಯಿಂದ ಮುಂಭಾಗದ ಅಂಚನ್ನು ತುಸು ಎತ್ತಿ, ಮೈಯನ್ನು ಓರೆಯಾಗಿಸಿ ಹತ್ತಿ. ಕಿಯೊಮಿಜು ದೇವಾಲಯಕ್ಕೆ ಹೋಗುವ ಸನ್ನೆನ್‌ಜಾಕಾ ಎಂಬ ಕಲ್ಲುಮೆಟ್ಟಿಲ ಬೀದಿಯಲ್ಲಿ ಎಡವಿ ಬಿದ್ದವರು ಮೂರು ವರ್ಷದೊಳಗೆ ಸಾಯುತ್ತಾರೆಂಬ ಹಳೆಯ ನಂಬಿಕೆಯಿದೆ, ಆ ದೋಷ ಪರಿಹಾರಕ್ಕೆಂದೇ ಸೋರೆಬುರುಡೆ ಮಾರುವ ಅಂಗಡಿಯೂ ಅಲ್ಲಿದೆ. ನಂಬಿಕೆಯ ಮಾತು ಹಾಗಿರಲಿ, ಸವೆದ ಕಲ್ಲು ಮಳೆಯಲ್ಲಿ ಜಾರುವುದಂತೂ ನಿಜ. ಕಾರಿನಲ್ಲಿ ಕೂರುವಾಗ ಮೊದಲು ಬೆನ್ನು ಒಳಗಿಟ್ಟು ಕುಳಿತು, ಆಮೇಲೆ ಎರಡೂ ಕಾಲುಗಳನ್ನು ಒಟ್ಟಿಗೆ ಒಳಕ್ಕೆ ತಿರುಗಿಸಿಕೊಳ್ಳಬೇಕು. ಕುರ್ಚಿಯಲ್ಲಿ ಒರಗದೆ ತುದಿಗೆ ಕೂತರೆ ಬೆನ್ನಿನ ಗಂಟು ಕೆಡುವುದಿಲ್ಲ. ಉಣ್ಣುವಾಗ ದೊಡ್ಡ ಕರವಸ್ತ್ರವನ್ನು ಕೊರಳಿಗೋ ತೊಡೆಗೋ ಹೊದಿಸಿ, ಕೈಚಾಚುವಾಗ ಇನ್ನೊಂದು ಕೈಯಿಂದ ತೋಳನ್ನು ಹಿಡಿಯಿರಿ. ಶೌಚಾಲಯಕ್ಕೆ ಎರಡು ಬಟ್ಟೆ ಕ್ಲಿಪ್ಪುಗಳು ತುಂಬ ಉಪಯೋಗ: ತೋಳುಗಳನ್ನು ಮಡಿಸಿ ಮುಂದೆ ಸಿಕ್ಕಿಸಿಕೊಂಡು, ಕಿಮೊನೊ, ಒಳನಿಲುವಂಗಿ, ಒಳಉಡುಪು ಹೀಗೆ ಒಂದೊಂದೇ ಪದರವನ್ನು ಎತ್ತಿಕೊಂಡು, ಮರಳಿ ಒಳಗಿನದರಿಂದ ಇಳಿಸುತ್ತಾ ಬನ್ನಿ.

ಎದೆಯ ಬಳಿ ಕೊರಳಪಟ್ಟಿ ತೆರೆದುಕೊಂಡರೆ ಎಡಕಂಕುಳ ಸಂದಿನಲ್ಲಿ ಕೈಹಾಕಿ ಒಳಗಿನ ಬಲಭಾಗದ ಪಟ್ಟಿಯನ್ನು ಮೆಲ್ಲನೆ ಎಳೆದುಕೊಳ್ಳಿ. ಹಿಂಗತ್ತು ಮುಚ್ಚಿಕೊಂಡರೆ ಓಬಿಯ ಕೆಳಗೆ ಬೆನ್ನಕಡೆಯ ಬಟ್ಟೆಯನ್ನು ಕೆಳಕ್ಕೆಳೆದರೆ ಸಾಕು. ಓಬಿ ಸಡಿಲವಾಗಿದ್ದರೆ ಮಡಿಸಿದ ಕರವಸ್ತ್ರವೊಂದನ್ನು ಅದರೊಳಗೆ ತೂರಿಸಿ. ಅಂಚು ನೆಲಕ್ಕೆ ತಾಗುವಷ್ಟು ಇಳಿದಿದ್ದರೆ ಮಾತ್ರ ಅಂಗಡಿಗೆ ಮರಳಿ. ಉಡಿಸುವವರು ಬೇಸರಿಸದೆ ಸರಿಮಾಡುತ್ತಾರೆ.

ಎಲ್ಲಿಗೆ ಹೋಗಬೇಕು, ಎಲ್ಲಿಗೆ ಬೇಡ

ಹಿಗಾಶಿಯಾಮಾ ಪ್ರದೇಶದಲ್ಲೇ ಅಂಗಡಿ ಹಿಡಿದರೆ ಬಸ್ಸು ಹತ್ತುವ ಕಷ್ಟ ತಪ್ಪುತ್ತದೆ. ಬೆಳಿಗ್ಗೆ ಯಾಸಾಕಾ ಗೋಪುರದ ಬೀದಿ, ನಿನೆನ್‌ಜಾಕಾ, ಕಿಯೊಮಿಜು. ಇಳಿದು ಬಂದು ಸಮತಟ್ಟಾದ ನೆನೆ ಬೀದಿಯಲ್ಲಿ ನಡೆದು ಕೊದಾಯ್‌ಜಿ ದೇವಾಲಯ, ಮಾರುಯಾಮಾ ಉದ್ಯಾನ, ಯಾಸಾಕಾ ಮಂದಿರ. ಒಂದು ದಿನಕ್ಕೆ ಇಷ್ಟು ಧಾರಾಳವಾಯಿತು. ಸಂಜೆಗೆ ಗಿಯೋನ್ ಕೇರಿಯ ಕೆನ್ನಿನ್‌ಜಿಗೆ ಹೋಗಿ, ಮೆಟ್ಟು ಬಿಟ್ಟು, ತಾಬಿಯ ಕಾಲಲ್ಲಿ ಅದರ ಮರದ ಜಗಲಿಯ ಮೇಲೆ ಕುಳಿತರೆ ನಡೆದ ದಣಿವು ಇಳಿಯುತ್ತದೆ. 1202ರಲ್ಲಿ ಸ್ಥಾಪನೆಯಾದ ಜೆನ್ ಮಠವದು. ಫುಶಿಮಿ ಇನಾರಿ ಮಂದಿರದ ಕೆಂಪು ತೋರಣಗಳ ಕೆಳಭಾಗದವರೆಗೆ ಹೋಗಬಹುದು, ಬೆಟ್ಟದ ತುದಿಯವರೆಗಿನ ಹಾದಿ ಕಿಮೊನೊಗೆ ತಕ್ಕುದಲ್ಲ. ಟೋಕಿಯೊದ ಆಸಾಕುಸಾ, ಕಾನಾಜಾವಾದ ಹಿಗಾಶಿ ಚಾಯಾ ಬೀದಿ ಕೂಡ ಒಳ್ಳೆಯವೇ. ಒಬ್ಬರೇ ಉಟ್ಟುಕೊಳ್ಳುವ ರೂಢಿ ಮಾಡಿಕೊಳ್ಳಬೇಕೆಂದಿದ್ದರೆ ಹ್ಯೋಗೊ ಪ್ರಾಂತದ ಕಿನೊಸಾಕಿಗೆ ಹೋಗಿ; ಏಳು ಸಾರ್ವಜನಿಕ ಬಿಸಿನೀರ ಸ್ನಾನಗೃಹಗಳ ಆ ಊರಿನಲ್ಲಿ ಅತಿಥಿಗಳೆಲ್ಲ ಯುಕಾತಾ, ಗೆತಾಗಳಲ್ಲೇ ಬೀದಿ ಸುತ್ತುತ್ತಾರೆ.

ಗಿಯೋನಿನಲ್ಲಿ ಎಚ್ಚರ ಬೇಕು. ಅಲ್ಲಿಯ ಖಾಸಗಿ ಓಣಿಗಳಲ್ಲಿ ಅನುಮತಿಯಿಲ್ಲದೆ ಫೋಟೊ ತೆಗೆಯಬಾರದೆಂದು 2019ರಲ್ಲಿ ಫಲಕ ಹಾಕಿದರು. ಆದರೂ ಕೆಲಸಕ್ಕೆ ಹೊರಟ ಮೈಕೊ, ಗೈಕೊ ಎಂಬ ಗೀಶಾ ಕಲಾವಿದೆಯರನ್ನು ಅಟ್ಟಿಸಿಕೊಂಡು ಹೋಗಿ ಕಿಮೊನೊ ಎಳೆದವರಿದ್ದರಿಂದ 2024ರಲ್ಲಿ ಅಂತಹ ಓಣಿಗಳಿಗೆ ಪ್ರವಾಸಿಗರ ಪ್ರವೇಶವನ್ನೇ ನಿಷೇಧಿಸಿದರು. ಒಳಹೊಕ್ಕರೆ 10,000 ಯೆನ್ ದಂಡವೆಂದು ಫಲಕಗಳಲ್ಲಿ ಬರೆದಿದೆ. ಮೈಕೊ, ಗೈಕೊಗಳು ವರ್ಷಗಟ್ಟಲೆ ನೃತ್ಯ, ಸಂಗೀತ ಕಲಿತು ದುಡಿಯುವವರು. ಬಾಡಿಗೆಯ ಕಿಮೊನೊ ಉಟ್ಟವರು ಅವರ ದಾರಿ ತಡೆದು ನಿಲ್ಲಿಸುವುದು ಎರಡು ಪಟ್ಟು ಅಸಭ್ಯ. ಮೈಕೊ ವೇಷದ ಬಿಳಿಬಣ್ಣ ಹಚ್ಚಿಸಿಕೊಳ್ಳುವ ಆಸೆಯಿದ್ದರೆ ಅದಕ್ಕೆ ಸ್ಟುಡಿಯೊಗಳಿವೆ. ಹಾಗೆಯೇ ದೇವಾಲಯದ ಬಾಗಿಲಲ್ಲೋ ಯಾರದೋ ಮನೆಯ ಹೊಸ್ತಿಲಲ್ಲೋ ಕುಳಿತು ದಾರಿಗಡ್ಡವಾಗಿ ಫೋಟೊ ತೆಗೆಸಿಕೊಳ್ಳಬೇಡಿ, ನಡೆಯುತ್ತ ತಿನ್ನಬೇಡಿ.

ಹಿಂತಿರುಗಿಸುವಾಗ

ಅಂಗಡಿ ಮುಚ್ಚುವ ಹೊತ್ತಿಗೆ ಎಲ್ಲರೂ ಒಮ್ಮೆಲೇ ಬರುತ್ತಾರೆ, ಅರ್ಧ ಗಂಟೆ ಮುಂಚೆ ತಲುಪಿ. ಕಲೆಯಾಗಿದ್ದರೆ ನೀವೇ ತೋರಿಸಿ. ನೀರು ಹಾಕಿ ಉಜ್ಜಿ ಬಚ್ಚಿಡಲು ಹೋದರೆ, ಮುಖ್ಯವಾಗಿ ರೇಷ್ಮೆಯಲ್ಲಿ, ಕಲೆ ಹರಡಿ ಖರ್ಚು ಹೆಚ್ಚುತ್ತದೆ. ತೋಳಿನ ಕೆಳಭಾಗ ಚೀಲದಂತಿರುವುದರಿಂದ ಹಲವರು ಅಲ್ಲಿ ಟಿಕೆಟು, ಕರವಸ್ತ್ರ, ಕೆಲವೊಮ್ಮೆ ಫೋನನ್ನೂ ಮರೆತುಬಿಡುತ್ತಾರೆ, ಕೈಹಾಕಿ ನೋಡಿ. ತಾಬಿಯನ್ನು ಒಯ್ಯಬಹುದೇ ಎಂದು ಕೇಳಿ, ಕೆಲವೆಡೆ ಕೊಡುತ್ತಾರೆ.

ಸ್ವಂತಕ್ಕೆ ಒಂದು ಬೇಕೆನಿಸಿದವರು ಪ್ರತಿ ತಿಂಗಳ 21ರಂದು ತೋಜಿ ದೇವಾಲಯದಲ್ಲಿ, 25ರಂದು ಕಿತಾನೊ ತೆನ್‌ಮಾಂಗು ಮಂದಿರದಲ್ಲಿ ಸೇರುವ ಸಂತೆಗೆ ಹೋಗಬೇಕು. ಹಳೆಯ ರೇಷ್ಮೆ ಕಿಮೊನೊಗಳು ಅಲ್ಲಿ ರಾಶಿಗಟ್ಟಲೆ, ಹೊಸದರ ಬೆಲೆಯ ಸಣ್ಣ ಪಾಲಿಗೆ ದೊರೆಯುತ್ತವೆ. ಮೊದಲ ಸಲ ಕೊಳ್ಳುವವರಿಗೆ ಕಿಮೊನೊಕ್ಕಿಂತ ಹಾವೊರಿ ಒಳ್ಳೆಯದು: ಲಾಡಿ, ಓಬಿಗಳ ಗೊಡವೆಯಿಲ್ಲ, ಬೆಂಗಳೂರಿನ ಡಿಸೆಂಬರ್ ಚಳಿಗೆ ಸೀರೆಯ ಮೇಲೂ ಕುರ್ತಾದ ಮೇಲೂ ಹಾಕಿಕೊಳ್ಳಬಹುದು. ಕೊಳ್ಳುವ ಮುನ್ನ ಬೆಳಕಿಗೆ ಹಿಡಿದು ಕೊರಳಪಟ್ಟಿಯ ಕಲೆಯನ್ನೂ ಒಳಪದರದ ಹಳದಿ ಚುಕ್ಕೆಗಳನ್ನೂ ನೋಡಿ. ಕೈಚಾಚಿ ನಿಂತಾಗ ತೋಳು ಮಣಿಕಟ್ಟಿನವರೆಗೆ ಬರುತ್ತದೆಯೇ ಎಂದು ಅಳೆಯಿರಿ. ಹಳೆಯ ಉಡುಪುಗಳ ತೋಳು ನಮ್ಮ ಕೈಗಳಿಗೆ ಸಾಮಾನ್ಯವಾಗಿ ಗಿಡ್ಡ, ಹೊಲಿಗೆಯೊಳಗೆ ಮಿಗಿಸಿದ ಬಟ್ಟೆಯಿದ್ದರೆ ಮಾತ್ರ ಬಿಡಿಸಿ ಉದ್ದ ಮಾಡಿಸಲು ಬರುತ್ತದೆ.